ಗದ್ದಲದಲ್ಲಿ ಆಡಿದ ಮಾತು

ನನ್ನ ರೂಮಿನ ಜೊತೆಗಾತಿ ಕೇರಳದವಳು. ನಾವಿಬ್ಬರೂ ಮಸ್ಕತಿನ ಹೊರವಲಯದ ಒಂದು ಆಸ್ಪತ್ರೆಯಲ್ಲಿ ನರ್ಸುಗಳು. ಮೊದಮೊದಲು ಅವಳು ನನ್ನನ್ನು ಅನುಮಾನದಿಂದಲೇ ನೋಡುತ್ತಿದ್ದಳು. ಅದಕ್ಕೆ ಕಾರಣ ನನ್ನ ವಿಡಿಯೋ ಕಾಲ್. ಮಧ್ಯಾಹ್ನದ ಡ್ಯೂಟಿ ಇದ್ದ ದಿನಗಳಲ್ಲಿ ನಾನು ಬೆಳಿಗ್ಗೆ ಚಹಾ ಕುಡಿದು, ಮಂಚದ ಮೇಲೆ ಕಾಲು ಮಡಚಿ ಕೂತು, ಫೋನನ್ನು ಮುಖದ ಎದುರಿಗೆ ಹಿಡಿದು ತುಟಿ ಅಲ್ಲಾಡಿಸುತ್ತಿದ್ದೆ. ದನಿ ಇಲ್ಲ. ಆ ಕಡೆಯಿಂದ ಮೀಸೆ ಬಿಟ್ಟ ಒಬ್ಬ ಗಂಡಸೂ ತುಟಿ ಅಲ್ಲಾಡಿಸುತ್ತಿದ್ದರು. ಅವರದೂ ದನಿ ಇಲ್ಲ. ಫೋನಿನಿಂದ ಬರುತ್ತಿದ್ದದ್ದು ಖಟಖಟ ಸಪ್ಪಳ ಒಂದೇ. ನಡುನಡುವೆ ನಾನು ನಗುತ್ತಿದ್ದೆ, ಸಿಟ್ಟು ಮಾಡುತ್ತಿದ್ದೆ, ಒಮ್ಮೆ ಅತ್ತೂಬಿಟ್ಟಿದ್ದೆ. ಕೊನೆಗೆ ತಡೆಯಲಾರದೆ ಅವಳು ನನ್ನ ಭುಜ ತಟ್ಟಿ, ನಿನ್ನ ಫೋನ್ ಮ್ಯೂಟ್ ಆಗಿದೆ ಕಣೇ, ಇಷ್ಟು ದಿನ ಯಾರೂ ಹೇಳಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು.

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನನ್ನ ತವರು ರಬಕವಿ, ಕೊಟ್ಟ ಮನೆ ಬನಹಟ್ಟಿ. ಎರಡೂ ಒಂದಕ್ಕೊಂದು ಅಂಟಿಕೊಂಡ ಊರುಗಳು, ಎರಡೂ ಕಡೆ ಮಗ್ಗದವರೇ. ಮನೆಗೆ ಹೊಂದಿಕೊಂಡೇ ಶೆಡ್, ಶೆಡ್ಡಿನಲ್ಲಿ ಕರೆಂಟಿನ ಮಗ್ಗ. ಮಗ್ಗ ನಡೆದಾಗ ಪಕ್ಕದಲ್ಲಿ ನಿಂತವರು ಬೊಬ್ಬೆ ಹಾಕಿದರೂ ಕೇಳಿಸುವುದಿಲ್ಲ. ಅದಕ್ಕೆ ನಮ್ಮ ಕಡೆ ಯಾರೂ ಕೂಗುವ ಗೋಜಿಗೆ ಹೋಗುವುದಿಲ್ಲ. ತುಟಿಯನ್ನು ನಿಧಾನವಾಗಿ, ಅಗಲವಾಗಿ ಆಡಿಸುತ್ತಾರೆ, ಜೊತೆಗೆ ಕೈಯ ಸನ್ನೆ ಒಂದಿಷ್ಟು. ನಾನು ನನ್ನ ಅಪ್ಪನ ದನಿ ಕೇಳಿದ್ದಕ್ಕಿಂತ ಅವರ ತುಟಿ ಓದಿದ್ದೇ ಹೆಚ್ಚು. ಇದನ್ನು ಯಾರೂ ನಮಗೆ ಕಲಿಸಿದ್ದಿಲ್ಲ, ಈಜು ಬಂದ ಹಾಗೆ ಬರುತ್ತದೆ.

ಇದರಲ್ಲಿ ಅನುಕೂಲ ಇದ್ದ ಹಾಗೆ ಫಜೀತಿಯೂ ಇದೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಮಗ್ಗದ ಆ ಕಡೆಯಿಂದ, ಇವತ್ತು ಪಲ್ಯೆ ಉಪ್ಪಾಗಿತ್ತು ಎಂದು ತುಟಿ ಆಡಿಸಿದರು. ಉಪ್ಪು ಹಾಕಿದ್ದು ನಾನಲ್ಲ, ನಿಮ್ಮ ಅವ್ವ ಎಂದು ನಾನೂ ತುಟಿಯಲ್ಲೇ ತಿರುಗಿ ಹೇಳಿದೆ. ಮೂಲೆಯಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆಯವರು ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ. ಮರುದಿನದಿಂದ ನಮ್ಮ ಮನೆಯ ಪಲ್ಯದಲ್ಲಿ ಉಪ್ಪೇ ಇಲ್ಲ. ಅತ್ತೆಯವರು ತಾಟಿನ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇಟ್ಟು, ಬೇಕಾದವರು ಬೇಕಾದಷ್ಟು ಹಾಕ್ಕೊಳ್ರಿ ಎನ್ನುತ್ತಿದ್ದರು. ಆಮೇಲಿಂದ ನಾವಿಬ್ಬರೂ ಏನಾದರೂ ನಮ್ಮದೇ ಮಾತು ಆಡುವುದಿದ್ದರೆ ಅತ್ತೆಗೆ ಬೆನ್ನು ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆವು.

ನಮ್ಮ ಮನೆಯವರದು ಒಂದು ವಿಚಿತ್ರ ಸ್ವಭಾವ. ಮಗ್ಗ ನಡೆಯುತ್ತಿದ್ದರೆ ಅವರಷ್ಟು ಮಾತುಗಾರ ಮತ್ತೊಬ್ಬರಿಲ್ಲ. ಚೇಷ್ಟೆ, ಜಗಳ, ಮುದ್ದು, ಎಲ್ಲವೂ ಆ ಗದ್ದಲದಲ್ಲೇ. ಮದುವೆ ಗೊತ್ತಾದ ಮೇಲೆ ನಮ್ಮ ತವರಿನ ಶೆಡ್ಡಿಗೆ ನೂಲು ತರುವ ನೆವ ಮಾಡಿಕೊಂಡು ಬಂದು, ನಾಲ್ಕು ಮಂದಿಯ ನಡುವೆ ನಿಂತು, ನನಗೊಬ್ಬಳಿಗೇ ಕಾಣುವ ಹಾಗೆ ತುಟಿಯಲ್ಲಿ ಏನೇನು ಹೇಳಿದ್ದರು ಎಂದು ನೆನೆದರೆ ಈಗಲೂ ಮುಖ ಕೆಂಪಾಗುತ್ತದೆ. ಆದರೆ ಮಗ್ಗ ನಿಂತು ಸುತ್ತ ಶಾಂತವಾಯಿತೋ, ಆ ಮನುಷ್ಯ ಬೇರೆಯೇ. ಹೂಂ, ಊಹೂಂ, ಆತು, ನೋಡೋಣ. ಊಟಕ್ಕೆ ಕೂತರೆ ರೊಟ್ಟಿಯ ಜೊತೆಗೇ ಮಾತಾಡುತ್ತಾರೇನೋ ಅನ್ನಿಸಬೇಕು, ಹಾಗೆ ತಲೆ ತಗ್ಗಿಸಿರುತ್ತಾರೆ. ತಮ್ಮ ದನಿ ತಮಗೇ ಕೇಳಿದರೆ ಅವರಿಗೆ ನಾಚಿಕೆ. ಹಾಗಾಗಿ ನಾನು ನನ್ನಷ್ಟಕ್ಕೆ ಒಂದು ಕಟ್ಟಳೆ ಮಾಡಿಕೊಂಡಿದ್ದೆ: ಇವರು ಗದ್ದಲದಲ್ಲಿ ಹೇಳಿದ್ದು ಖರೆ, ಶಾಂತದಲ್ಲಿ ಹೇಳಿದ್ದು ಮಂದಿ ಮೆಚ್ಚಲಿ ಎಂದು ಹೇಳಿದ್ದು.

ಮಸ್ಕತಿಗೆ ಬಂದದ್ದೂ ಆ ಕಟ್ಟಳೆಯ ಮೇಲೆಯೇ. ನಾನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಜೊತೆಯಲ್ಲಿ ಕಲಿತವರು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹೋದಾಗ ನನಗೂ ಆಸೆ ಹುಟ್ಟಿತು. ಅದನ್ನು ಮುಚ್ಚಿಡುವುದೇಕೆ, ಮನೆಯ ಕಷ್ಟಕ್ಕೆ ಹೋದವಳಲ್ಲ ನಾನು, ದೊಡ್ಡ ಆಸ್ಪತ್ರೆ ನೋಡಬೇಕು, ವಿಮಾನ ಹತ್ತಬೇಕು ಎಂದು ಹೋದವಳು. ಊಟದ ಹೊತ್ತಿನಲ್ಲಿ ಕೇಳಿದಾಗ ಮನೆಯವರು ನೋಡೋಣ ಎಂದರು. ಮರುದಿನ ಶೆಡ್ಡಿನಲ್ಲಿ, ಎರಡೂ ಮಗ್ಗ ಭರದಿಂದ ನಡೆಯುತ್ತಿದ್ದಾಗ, ಅತ್ತೆಗೆ ಬೆನ್ನು ಮಾಡಿ ನಿಂತು, ಹೋಗಿ ಬಾ, ನಾ ಇಲ್ಲೇ ಇರ್ತೇನಿ ಎಂದು ತುಟಿಯಲ್ಲಿ ಹೇಳಿದರು. ನಾನು ನಿಶ್ಚಿಂತೆಯಿಂದ ಬಟ್ಟೆ ಜೋಡಿಸಿಕೊಂಡೆ.

ಪರದೇಶದ ಬದುಕು ಎಂದರೆ ಏನೋ ಎಂದುಕೊಳ್ಳುತ್ತಾರೆ. ಬಸ್ಸು, ವಾರ್ಡು, ಬಸ್ಸು, ರೂಮು, ಅಷ್ಟೇ. ಶುಕ್ರವಾರ ಬಟ್ಟೆ ಒಗೆಯುವುದು, ಊರಿಂದ ತಂದ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ಇನ್ನೆಷ್ಟು ದಿನ ಬಂದಾವು ಎಂದು ಡಬ್ಬಿ ಅಲ್ಲಾಡಿಸಿ ನೋಡುವುದು. ಆದರೆ ಒಂದು ಹೊಸದು ನನಗೆ ಅಲ್ಲಿ ಸಿಕ್ಕಿತು, ಶಾಂತ. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಬೆಳೆದವಳಿಗೆ ಮೊದಲ ವಾರ ಆ ಶಾಂತದಲ್ಲಿ ಎದೆ ಡವಗುಟ್ಟುತ್ತಿತ್ತು, ಯಾರಿಗೋ ಏನೋ ಆಗಿದೆ ಎಂಬಂತೆ. ನಮ್ಮಲ್ಲಿ ಮಗ್ಗ ಒಮ್ಮೆಲೇ ನಿಂತರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಓಣಿಯಲ್ಲಿ ಯಾರಾದರೂ ತೀರಿಕೊಂಡಿರಬೇಕು. ಬರಬರುತ್ತ ಆ ಶಾಂತ ನನಗೆ ರುಚಿಸಿತು. ಏಸಿಯ ಗುಂಯ್ ಅನ್ನುವ ದನಿಗೆ ಮಲಗಿ, ಅದಕ್ಕೇ ಏಳುವುದು ರೂಢಿಯಾಯಿತು.

ಆ ರೂಢಿಯೇ ಮೊದಲ ರಜೆಗೆ ಊರಿಗೆ ಬಂದಾಗ ಮುಳುವಾಯಿತು. ಬನಹಟ್ಟಿಯ ಮನೆಯಲ್ಲಿ ನನಗೆ ನಿದ್ದೆಯೇ ಬರಲಿಲ್ಲ. ನಮ್ಮ ಶೆಡ್ ಮುಚ್ಚಿದರೂ ಪಕ್ಕದವರದು ನಡೆಯುತ್ತದೆ, ಬೆಳಗಾಗುವ ಮೊದಲೇ ನಮ್ಮದು ಮತ್ತೆ ಶುರು. ಅದರಲ್ಲೂ ನಮ್ಮ ಎರಡನೆಯ ಮಗ್ಗ. ಅದನ್ನು ಮನೆಯಲ್ಲಿ ಕುಂಟ ಮಗ್ಗ ಎನ್ನುತ್ತಾರೆ. ಲಾಳಿ ಎಡಗಡೆಗೆ ಹೋಗುವಾಗ ಸರಿಯಾಗಿ ಖಟ್ ಎನ್ನುತ್ತದೆ, ಬಲಗಡೆಗೆ ಬರುವಾಗ ಒಂದು ಹೆಜ್ಜೆ ತಡೆದು ಖಟಾಟ್ ಎನ್ನುತ್ತದೆ. ಮಾವನವರ ಕಾಲದ್ದು, ಎಷ್ಟು ರಿಪೇರಿ ಮಾಡಿಸಿದರೂ ಅದರ ನಡಿಗೆ ಹಾಗೆಯೇ. ಆ ಖಟಾಟ್ ಯಾವಾಗ ಬರುತ್ತದೆ ಎಂದು ಕಾಯುತ್ತಾ ಕಣ್ಣು ತೆರೆದು ಮಲಗಿರುತ್ತಿದ್ದೆ. ಒಂದು ಬೆಳಿಗ್ಗೆ ಕೆಟ್ಟ ಸಿಟ್ಟು ಬಂದು, "ಈ ಮನ್ಯಾಗ ನನಗ ನಿದ್ದಿ ಹತ್ತೂದಿಲ್ಲರಿ, ಮಸ್ಕತಿನ್ಯಾಗ ಹತ್ತತೈತಿ" ಎಂದುಬಿಟ್ಟೆ. ಶಾಂತದಲ್ಲಿ, ಜೋರಾಗಿ ಅಂದೆ. ಅವರು ಹೂಂ ಎಂದು ಚಹಾ ಕುಡಿದರು. ನನ್ನ ಬಾಯಿಗೂ ಸಿಟ್ಟಿಗೂ ನಡುವೆ ಬಾಗಿಲೇ ಇಲ್ಲ ಎಂದು ನಮ್ಮ ಅವ್ವ ಹೇಳುವುದು ಸುಳ್ಳಲ್ಲ.

ರಜೆ ಮುಗಿಸಿ ತಿರುಗಿ ಬಂದೆ. ಬೆಳಗಿನ ಕಾಲ್‌ಗಳು ಮೊದಲಿನಂತೆಯೇ ನಡೆದವು. ಒಂದೆರಡು ತಿಂಗಳಾಗಿರಬೇಕು, ಏನೋ ಸರಿ ಇಲ್ಲ ಅನ್ನಿಸತೊಡಗಿತು. ಏನು ಎಂದು ಹಿಡಿಯಲು ಆಗಲಿಲ್ಲ. ಅವರ ತುಟಿ ಅದೇ, ಮೀಸೆ ಅದೇ, ಚೇಷ್ಟೆ ಅದೇ. ಹಿಂದೆ ಮಗ್ಗದ ಗದ್ದಲವೂ ಇದೆ. ಒಂದು ದಿನ ಅವರು ಯಾರದೋ ಮದುವೆಗೆ ತೇರದಾಳಕ್ಕೆ ಹೋಗಿ ಬಂದ ಕಥೆ ಹೇಳುತ್ತಿದ್ದಾಗ ಥಟ್ಟನೆ ಹೊಳೆಯಿತು, ಆ ಗದ್ದಲದಲ್ಲಿ ಖಟಾಟ್ ಇಲ್ಲ. ಮಗ್ಗಗಳೆಲ್ಲ ಸರಿಯಾಗಿ ನಡೆಯುತ್ತಿವೆ. ಅದೂ ಎರಡಲ್ಲ, ಎಷ್ಟೋ ಮಗ್ಗ.

ಕುಂಟ ಮಗ್ಗ ಎಲ್ಲಿ ಎಂದು ಕೇಳಿದೆ. ಅವರು ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ, ಹೊಸ ಫೋನು, ಗದ್ದಲಾನ ತಾನ ಕಡಿಮಿ ಮಾಡತೈತಿ, ಅದಕ್ಕ ಹಂಗ ಕೇಳತೈತಿ ಎಂದರು. ಇರಬಹುದು ಎಂದುಕೊಂಡೆ. ಆದರೆ ಗದ್ದಲ ಕಡಿಮೆ ಮಾಡುವ ಫೋನು ಒಂದು ಮಗ್ಗದ ಕುಂಟನ್ನು ಮಾತ್ರ ಆರಿಸಿ ತೆಗೆದೀತೇ? ಅಷ್ಟು ಶಾಣ್ಯಾ ಫೋನು ಬನಹಟ್ಟಿಯ ಪೇಟೆಯಲ್ಲಿ ಸಿಗುತ್ತದೆಯೇ? ಅಂದಿನಿಂದ ನಾನು ಅವರ ಮಾತಿಗಿಂತ ಹೆಚ್ಚಾಗಿ ಅವರ ಬೆನ್ನ ಹಿಂದೆ ನೋಡತೊಡಗಿದೆ. ಅವರು ಫೋನನ್ನು ಮುಖಕ್ಕೆ ಹತ್ತಿರ ಹಿಡಿಯತೊಡಗಿದರು. ಗೋಡೆ ಕಾಣಲಿಲ್ಲ, ಬಾಗಿಲು ಕಾಣಲಿಲ್ಲ.

ಮನುಷ್ಯನ ತಲೆಗೆ ದೂರ ಒಂದಿದ್ದರೆ ಸಾಕು, ಬೇಡದ್ದೆಲ್ಲ ಬರುತ್ತದೆ. ಇವರು ಎಲ್ಲಿಂದ ಮಾತಾಡುತ್ತಿದ್ದಾರೆ? ಯಾರ ಶೆಡ್ಡು? ನಮ್ಮ ಶೆಡ್ಡಿಗೆ ಏನಾಯಿತು? ನನಗೆ ಹೇಳದ್ದು ಇದೊಂದೇ ಅಥವಾ ಇನ್ನೂ ಇದೆಯೇ? ಅತ್ತೆಯವರಿಗೆ ಕಾಲ್ ಮಾಡಿ ಕೇಳಿದರೆ, ಅವನ್ನ ಕೇಳವ್ವಾ, ನನ್ನ ಯಾಕ ಕೇಳ್ತಿ ಎಂದು ಫೋನಿಟ್ಟರು. ತೇರದಾಳದಲ್ಲಿರುವ ನಾದಿನಿಗೆ ಮಾಡಿದರೆ, ಬಂದು ನೋಡು ವೈನಿ ಎಂದು ನಕ್ಕಳು. ನಗುತ್ತಾಳೆಂದರೆ ಕೆಟ್ಟದ್ದೇನೂ ಇರಲಿಕ್ಕಿಲ್ಲ ಎಂದು ಒಂದು ಮನಸ್ಸು. ಕೆಟ್ಟದ್ದನ್ನು ಮುಚ್ಚಲೆಂದೇ ನಕ್ಕಳು ಎಂದು ಇನ್ನೊಂದು ಮನಸ್ಸು. ವಾರ್ಡಿನಲ್ಲಿ ರೋಗಿಯ ನಾಡಿ ನೋಡುತ್ತಾ ಎಣಿಕೆ ತಪ್ಪಿ ಮತ್ತೆ ಮೊದಲಿಂದ ಎಣಿಸಿದ್ದೂ ಉಂಟು. ಜೊತೆಗಾತಿಗೆ ಹೇಳಿಕೊಂಡರೆ ಅವಳು, ಗಂಡನ ಮಾತನ್ನು ಬಿಟ್ಟು ಗಂಡನ ಮಷೀನಿನ ಸಪ್ಪಳ ಕೇಳಿ ಅನುಮಾನ ಪಡುವ ಹೆಂಗಸನ್ನು ಎಲ್ಲಿಯೂ ಕಂಡಿಲ್ಲ ಎಂದಳು.

ಎರಡನೆಯ ರಜೆ ಬರುವ ಹೊತ್ತಿಗೆ ಆಸ್ಪತ್ರೆಯವರು ಕೇಳಿದರು, ಕರಾರು ಮುಗಿಯುತ್ತಿದೆ, ಮತ್ತೆರಡು ವರ್ಷಕ್ಕೆ ಇರುತ್ತೀಯೋ, ಬಿಡುತ್ತೀಯೋ? ರಜೆಯಿಂದ ಬಂದ ಮೇಲೆ ತಿಂಗಳೊಳಗೆ ಹೇಳಬೇಕು. ಮನೆಯವರಿಗೆ ತಿಳಿಸಿದೆ. ಬಾ, ಮಾತಾಡೋಣ ಎಂದು ತುಟಿ ಆಡಿತು.

ಊರಿಗೆ ಬಂದು ಮನೆಯ ಹೊಸ್ತಿಲು ದಾಟಿದವಳು ಮೊದಲು ಹೋದದ್ದು ಶೆಡ್ಡಿಗೆ. ಅಲ್ಲಿ ಶೆಡ್ಡು ಇರಲಿಲ್ಲ. ಇದ್ದದ್ದು ಒಂದು ಕೋಣೆ. ಎಣ್ಣೆ ಕುಡಿದು ಕರ್ರಗಾಗಿದ್ದ ನೆಲಕ್ಕೆ ಬಿಳಿ ಫರಸಿ ಹಾಕಿಸಿದ್ದರು. ಗೋಡೆಗೆ ತಿಳಿ ಹಸಿರು ಬಣ್ಣ. ನಾನು ಯಾವಾಗಲೋ ಕಳಿಸಿದ ವಾರ್ಡಿನ ಫೋಟೋದಲ್ಲಿ ಇದ್ದಂಥದ್ದೇ ಬಣ್ಣ. ಓಣಿಯ ಕಡೆಯ ಕಿಟಕಿಗೆ ಸಪ್ಪಳ ಬಾರದ ಹಾಗೆ ದಪ್ಪ ಗಾಜು. ನಡುವೆ ಒಂದು ಹೊಸ ಮಂಚ. ಬಾಗಿಲು ಹಾಕಿದರೆ ಒಳಗೆ ನನ್ನ ಉಸಿರು ನನಗೆ ಕೇಳಿಸಿತು.

ಮಗ್ಗಗಳೆಲ್ಲಿ ಎಂದು ಕೇಳಿದೆ. ಒಂದನ್ನು ಗುಜರಿಯವರಿಗೆ ಕೊಟ್ಟರಂತೆ. ಕುಂಟ ಮಗ್ಗವನ್ನು ಬಿಚ್ಚಿ ತೇರದಾಳದ ನಾದಿನಿಯ ಮನೆಯ ಪಡಸಾಲೆಯಲ್ಲಿ ಇಟ್ಟಿದ್ದರಂತೆ. ತಾವು ಎರಡು ಓಣಿ ಆಚೆ ಗೆಳೆಯನ ಶೆಡ್ಡಿನಲ್ಲಿ ನೇಯುತ್ತಿದ್ದರು, ಕೂಲಿಗೆ. ಅಜ್ಜನ ಕಾಲದಿಂದ ಸ್ವಂತ ಮಗ್ಗದಲ್ಲಿ ನೇಯ್ದ ಮನೆಯ ಮಗ. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿದ್ದರು. ಅತ್ತೆಗೆ, ಹಳೇ ಮಗ್ಗದ ಸಾಮಾನು ಸಿಗೂದಿಲ್ಲ. ನಾದಿನಿಗೆ, ಎರಡ ಮಗ್ಗದಾಗ ಏನ ಗಿಟ್ಟತೈತಿ. ನನಗೆ, ತಲೆ ತಗ್ಗಿಸಿ, "ನಿನಗ ನಿದ್ದಿ ಹತ್ತೂದಿಲ್ಲ ಅಂದಿದ್ದೆಲ್ಲ" ಎಂದರು.

ನನಗೆ ಏನನ್ನಿಸಬೇಕೆಂದೇ ತಿಳಿಯಲಿಲ್ಲ. ಸಂತೋಷವಾಯಿತು, ಅದು ಹೌದು. ಅದರ ಬೆನ್ನಿಗೇ ಭಯಂಕರ ಸಿಟ್ಟು ಬಂತು. ಒಂದು ಮಾತು ಕೇಳದೆ ಮನೆಯ ಮಗ್ಗ ಕಿತ್ತು ಹಾಕುವುದೇ? ನಾನು ಸಿಟ್ಟಿನಲ್ಲಿ ಅಂದದ್ದನ್ನು ಹಿಡಿದುಕೊಂಡು? ಓಣಿಯವರು ಯಾರಿಗೆ ಅನ್ನುತ್ತಾರೆ, ನನಗೇ ತಾನೇ, ಮಸ್ಕತಿನಾಕಿ ಬಂದು ಮಗ್ಗ ನಿಲ್ಲಿಸಿದಳು ಎಂದು. ಮತ್ತೆ, ಇದು ನನ್ನನ್ನು ಕರೆಯಲಿಕ್ಕೆ ಮಾಡಿದ ಕೋಣೆಯೋ, ರಜೆಗೆ ಬಂದು ಹೋಗುವ ಅತಿಥಿಗೆ ಮಾಡಿದ ಕೋಣೆಯೋ? ಎರಡಕ್ಕೂ ಇದೇ ಫರಸಿ, ಇದೇ ಮಂಚ ಸಾಕು.

ಕೇಳೋಣವೆಂದರೆ ಮನೆಯಲ್ಲಿ ಮಾತೇ ಇಲ್ಲ. ನಮ್ಮ ಮಗ್ಗ ಇಲ್ಲ, ಪಕ್ಕದವರ ಸಪ್ಪಳ ಆ ಗಾಜು ದಾಟಿ ಬರುವುದಿಲ್ಲ, ಶಾಂತದಲ್ಲಿ ಇವರು ಬರೀ ಹೂಂ. ಆ ಚೆಂದದ ಕೋಣೆಯಲ್ಲಿ ಇಬ್ಬರೂ ಮಂಚದ ಎರಡು ಅಂಚಿಗೆ ಕೂತು ಫೋನು ನೋಡುತ್ತಿದ್ದೆವು. ಮಸ್ಕತಿನಲ್ಲಿದ್ದಾಗ ಒಂದು ಬೆಳಿಗ್ಗೆಯಲ್ಲಿ ಆಡುತ್ತಿದ್ದಷ್ಟು ಮಾತನ್ನು ನಾವು ಈ ಕೋಣೆಯಲ್ಲಿ ಒಂದು ವಾರದಲ್ಲಿ ಆಡಲಿಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ ಮಾತ್ರ, ಆ ಸಪ್ಪಳಕ್ಕೆ ಬಾಗಿಲಲ್ಲಿ ಬಂದು ನಿಂತು ಒಂದೆರಡು ಮಾತು ತುಟಿ ಆಡಿಸಿ ಹೋಗುತ್ತಿದ್ದರು. ನಾನೂ ಬೇಕೆಂದೇ ಹೆಚ್ಚು ರೊಟ್ಟಿ ಬಡಿಯತೊಡಗಿದೆ. ಮೂವರಿಗೆ ಎಷ್ಟು ರೊಟ್ಟಿ ಬೇಕು? ಉಳಿದದ್ದನ್ನು ಅತ್ತೆಯವರು ಬಿಸಿಲಿಗೆ ಒಣಗಿಸಿ ಖಡಕ್ ಮಾಡಿ ನನ್ನ ಬ್ಯಾಗಿಗೆಂದು ಕಟ್ಟಿಡುತ್ತಿದ್ದರು. ಅಂದರೆ ನಾನು ಹೋಗುತ್ತೇನೆಂದು ಅವರು ಆಗಲೇ ತೀರ್ಮಾನ ಮಾಡಿದ್ದರೋ ಏನೋ, ಅದೂ ತಿಳಿಯಲಿಲ್ಲ.

ಒಂದು ದಿನ ರೊಟ್ಟಿ ಕಟ್ಟುತ್ತಾ ಅತ್ತೆಯವರೇ ಅಂದರು, "ಮಗ್ಗ ಮನಿ ಬಿಟ್ಟು ಹ್ವಾದ ಮ್ಯಾಲ ಅವನ ಬಾಯಿನೂ ಅದರ ಜೋಡಿ ಹ್ವಾತು ನೋಡವ್ವಾ." ಬೈದರೋ ಮರುಗಿದರೋ ಎಂದು ಅವರ ಮುಖ ನೋಡಿದೆ. ಅವರು ಗಂಟು ಬಿಗಿಯುತ್ತಿದ್ದರು.

ಹೊರಡುವ ದಿನ ಹತ್ತಿರವಾದಾಗ ತಡೆಯಲಾಗಲಿಲ್ಲ. ಮಧ್ಯಾಹ್ನ ಬುತ್ತಿ ಕೊಡುವ ನೆವದಲ್ಲಿ ಅವರ ಗೆಳೆಯನ ಶೆಡ್ಡಿಗೇ ಹೋದೆ. ಎಂಟು ಹತ್ತು ಮಗ್ಗದ ಶೆಡ್ಡು, ಒಳಗೆ ಕಾಲಿಟ್ಟ ಕೂಡಲೇ ನೆಲದ ನಡುಕ ಹಲ್ಲಿನವರೆಗೂ ಬಂತು. ಅವರು ನನ್ನನ್ನು ಕಂಡು ಮುಖ ಅರಳಿಸಿದರು. ಇಷ್ಟು ದಿನ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಮನುಷ್ಯ, ಮಸ್ಕತಿನಿಂದ ಈಗಷ್ಟೇ ಬಂದಿಳಿದವಳನ್ನು ಕಂಡ ಹಾಗೆ. ಕೂಲಿಯ ಮಗ್ಗ ಬಿಟ್ಟು ಒಂದು ಹೆಜ್ಜೆ ಈಚೆ ಬಂದರು. ನಾನು ಮಂದಿಗೆ ಬೆನ್ನು ಮಾಡಿ ನಿಂತು, ತುಟಿಯಲ್ಲಿ ನೆಟ್ಟಗೆ ಕೇಳಿದೆ: ನಾ ಕರಾರು ಮುಂದುವರಿಸಲೋ, ಬ್ಯಾಡೋ?

ಅವರು ತಡಮಾಡಲಿಲ್ಲ. ತುಟಿ ಅಗಲವಾಗಿ, ನಿಧಾನವಾಗಿ ಆಡಿತು. ಹೋಗಬ್ಯಾಡ.

ನನ್ನ ಕಣ್ಣು ತುಂಬಿ ಬಂತು. ಏನೋ ಹೇಳಲು ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮಲ್ಲಿ ಅದೇನು ಹೊಸದಲ್ಲ, ದಿನಕ್ಕೊಮ್ಮೆಯಾದರೂ ಹೋಗುವುದೇ. ಮಗ್ಗಗಳು ಒಂದೊಂದಾಗಿ ಏದುಸಿರು ಬಿಟ್ಟು ನಿಂತವು. ಶೆಡ್ಡಿನಲ್ಲಿ ಎಲ್ಲರೂ ನಮ್ಮ ಕಡೆ ನೋಡಿದರು. ಬುತ್ತಿ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಹೆಂಡತಿ, ಎದುರಿಗೆ ಗಂಡ. ಅವರು ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಹೋಗಿ ಬಾ. ಏನ ಆಗೂದಿಲ್ಲ. ಎರಡ ವರ್ಷ ಎಷ್ಟೊತ್ತಿನ ಮಾತು" ಎಂದರು.

ನಾನು ಬುತ್ತಿ ಇಟ್ಟು ಮನೆಗೆ ಬಂದೆ. ದಾರಿಯಲ್ಲಿ ಎದುರಾದವರು ಯಾವಾಗ ಹೊಂಟೆವ್ವಾ ಎಂದು ಕೇಳಿದ್ದಕ್ಕೆ ಏನು ಹೇಳಿದೆನೋ ನೆನಪಿಲ್ಲ.

ನನ್ನ ಹಳೆಯ ಕಟ್ಟಳೆಯ ಪ್ರಕಾರ ಲೆಕ್ಕ ಸರಳ. ಗದ್ದಲದ್ದು ಖರೆ, ಶಾಂತದ್ದು ಮಂದಿಗಾಗಿ. ಆದರೆ ಆ ಕಟ್ಟಳೆ ಮಾಡಿದವಳು ನಾನು, ಅವರಲ್ಲ. ಇಬ್ಬರೂ ಮಕ್ಕಳಂತೆ ಹರಟೆ ಹೊಡೆದದ್ದು, ಚೇಷ್ಟೆ ಮಾಡಿದ್ದು ಬೇರೆ. ಎರಡು ವರ್ಷದ ಬದುಕನ್ನು ತುಟಿಯ ಮೇಲಿನ ಒಂದು ಮಾತಿಗೆ ನಂಬಿ ಬಿಟ್ಟು ಬರಲಾಗುತ್ತದೆಯೇ? ಒಂದು ವೇಳೆ ಅದೇ ಹುಡುಗಾಟವಾಗಿದ್ದು, ಗಟ್ಟಿ ದನಿಯಲ್ಲಿ ಹೇಳಿದ್ದೇ ವಿಚಾರ ಮಾಡಿ ಹೇಳಿದ್ದಾಗಿದ್ದರೆ? ಮನೆಗೆ ಬಂದ ಮೇಲೆ ಆ ಹಸಿರು ಕೋಣೆಯಲ್ಲಿ ಕೇಳಿದೆ, ಎರಡರಾಗ ಯಾವುದು ಖರೆ ಅಂತ ತಿಳಿಯೂದರಿ? ಅವರು ನಕ್ಕು, ನಿನಗ ಹೆಂಗ ಅನಸತೈತಿ ಹಂಗ ಮಾಡು ಎಂದರು. ಈ ಮಾತಿನಷ್ಟು ನನಗೆ ಸಿಟ್ಟು ತರಿಸುವ ಮಾತು ಲೋಕದಲ್ಲಿ ಇನ್ನೊಂದಿಲ್ಲ. ಯಾಕೆಂದರೆ ನನಗೆ ಹೇಗೆ ಅನ್ನಿಸುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿ ಇದ್ದಾಗ ಇಲ್ಲಿಯ ಗದ್ದಲ ಬೇಕು, ಇಲ್ಲಿ ಇದ್ದಾಗ ಅಲ್ಲಿಯ ಶಾಂತ ಬೇಕು. ವಾರ್ಡಿನಲ್ಲಿ ರೋಗಿಗಳು ಸಿಸ್ಟರ್ ಎಂದು ಕರೆದಾಗ ಬೆನ್ನು ನೆಟ್ಟಗಾಗುವುದೂ ಸುಳ್ಳಲ್ಲ, ರೂಮಿಗೆ ಬಂದು ಆ ಮೀಸೆಯ ಮುಖಕ್ಕೆ ಹಾತೊರೆಯುವುದೂ ಸುಳ್ಳಲ್ಲ.

ಅದೇ ಗೊಂದಲವನ್ನು ಖಡಕ್ ರೊಟ್ಟಿಯ ಜೊತೆ ಬ್ಯಾಗಿಗೆ ತುಂಬಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಅವರು ಬ್ಯಾಗು ಮೇಲಿಟ್ಟು ಕೆಳಗಿಳಿದರು. ಬಸ್ಸಿನ ಇಂಜಿನ್ ಗರ್ ಎನ್ನುತ್ತಿತ್ತು. ಈಗಲಾದರೂ ತುಟಿ ಆಡಿಸಿಯಾರು ಎಂದು ಕಿಟಕಿಗೆ ಹಣೆ ಹಚ್ಚಿ ಕೂತೆ. ಅವರು ಕೈ ಎತ್ತಿದರು ಅಷ್ಟೇ. ಪಕ್ಕದಲ್ಲಿ ಅತ್ತೆಯವರು ನಿಂತಿದ್ದರು, ಅದಕ್ಕಿರಬೇಕು.

ಮಸ್ಕತಿಗೆ ಬಂದ ಮೇಲೆ ಒಂದಿಷ್ಟು ದಿನ ಕಾಲ್ ಕೂಡ ಸರಿಯಾಗಿ ಆಗಲಿಲ್ಲ. ಕೆಲಸ ಐತಿ, ಆಮ್ಯಾಲ ಮಾಡ್ತೇನಿ ಎಂದು ಎರಡಕ್ಷರ ಬರೆದು ಹಾಕುತ್ತಿದ್ದರು. ಅವರ ಗೆಳೆಯನ ಶೆಡ್ಡಿಗೂ ಹೋಗುತ್ತಿಲ್ಲ ಎಂದು ನಾದಿನಿಯಿಂದ ತಿಳಿಯಿತು. ಇದೇನು ಹೊಸದು ಎಂದು ಮತ್ತೆ ತಲೆ ಕೆಟ್ಟಿತು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕರಾರಿನ ಬಗ್ಗೆ ಎರಡು ಸಲ ಕೇಳಿದಳು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಇರುತ್ತೇನೆ ಎಂದುಬಿಡಲು ನಾಲಗೆಯ ತುದಿಯವರೆಗೂ ಬಂದಿತ್ತು.

ಆ ದಿನ ಮಧ್ಯಾಹ್ನದ ಡ್ಯೂಟಿ. ಜೊತೆಗಾತಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ಅವರ ಕಾಲ್ ಬಂತು. ಮುಖ ಕಾಣುವ ಮೊದಲೇ ಸಪ್ಪಳ ಬಂತು. ಒಂದೇ ಒಂದು ಮಗ್ಗ. ಖಟ್. ತಡೆದು, ಖಟಾಟ್. ಖಟ್. ಖಟಾಟ್.

ಅವರು ಫೋನನ್ನು ತಿರುಗಿಸಿದರು. ಹಸಿರು ಗೋಡೆ, ದಪ್ಪ ಗಾಜಿನ ಕಿಟಕಿ. ತಾವೇ ಹಾಕಿಸಿದ ಬಿಳಿ ಫರಸಿಯನ್ನು ತಾವೇ ಒಡೆದು, ಅಲ್ಲಿ ಕುಂಟ ಮಗ್ಗವನ್ನು ನಿಲ್ಲಿಸಿ ಬೋಲ್ಟು ಬಿಗಿದಿದ್ದರು. ನನಗಾಗಿ ಮಾಡಿದ ಕೋಣೆ ಹೋಯಿತು. ನಾನು ಬರುವುದಿಲ್ಲ ಎಂದು ಲೆಕ್ಕ ಹಾಕಿ, ಕೋಣೆ ಯಾಕೆ ಖಾಲಿ ಬಿಡಬೇಕೆಂದು ಮತ್ತೆ ಶೆಡ್ ಮಾಡಿದರೇ? ನನಗಾಗಿ ಕಾಯುವುದನ್ನು ಬಿಟ್ಟರೇ? ಅಥವಾ?

ಫೋನು ಇನ್ನೂ ಸ್ವಲ್ಪ ತಿರುಗಿತು. ಮಗ್ಗದ ಪಕ್ಕ, ಗೋಡೆಗೆ ಒತ್ತರಿಸಿ ಮಂಚ ಇತ್ತು. ಅದರ ಮೇಲೆ ನಾನು ಹಾಸಿ ಬಂದ ಚಾದರವೇ ಇತ್ತು. ಮಂಚಕ್ಕೂ ಮಗ್ಗಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

ಅವರ ಮುಖ ಬಂತು. ಹಣೆಯ ಮೇಲೆ ಬೆವರು, ಮೀಸೆಗೆ ಹತ್ತಿಯ ಧೂಳು. ತುಟಿ ನಿಧಾನವಾಗಿ ಆಡಿತು: ಇಲ್ಲಿ ನಿದ್ದಿ ಹತ್ತತೈತೇನು ನಿನಗ?

ಹತ್ತುತ್ತದೆಯೇ? ನನಗೆ ಇವತ್ತಿಗೂ ಗೊತ್ತಿಲ್ಲ. ಆ ಖಟಾಟ್‌ಗೆ ಕಾಯುತ್ತಾ ಮತ್ತೆ ಕಣ್ಣು ತೆರೆದು ಮಲಗುತ್ತೇನೋ, ಮತ್ತೆ ಒಂದು ಬೆಳಿಗ್ಗೆ ಸಿಟ್ಟಿಗೆದ್ದು ಏನಾದರೂ ಅಂದುಬಿಡುತ್ತೇನೋ. ಆದರೂ ನನ್ನ ತುಟಿ ಆಡಿತು. ಹತ್ತತೈತ್ರಿ.

ಅವರು ಕೈ ಚಾಚಿ ಮಗ್ಗವನ್ನು ನಿಲ್ಲಿಸಿದರು. ಕರೆಂಟು ಹೋಗಿರಲಿಲ್ಲ, ತಾವಾಗಿಯೇ ನಿಲ್ಲಿಸಿದರು. ಅಷ್ಟು ದೂರದ ಆ ಕೋಣೆ ಶಾಂತವಾಯಿತು, ಈ ರೂಮೂ ಶಾಂತವಾಯಿತು. ಪಕ್ಕದ ಬಾಗಿಲಲ್ಲಿ ಅತ್ತೆಯವರು ನಿಂತದ್ದು ಕಾಣುತ್ತಿತ್ತು. ನಮ್ಮ ಮನೆಯವರು ಅವರಿಗೆ ಬೆನ್ನು ಮಾಡಲಿಲ್ಲ, ತಲೆ ತಗ್ಗಿಸಲೂ ಇಲ್ಲ.

"ಹೋಗಬ್ಯಾಡ ಅಂದಿದ್ದ ಖರೆ ಮಾತು," ಎಂದರು. "ಬಾ."

ಸಪ್ಪಳ ನಿಂತಾಗಲೇ ಇಯರ್‌ಫೋನ್ ತೆಗೆದಿದ್ದ ಜೊತೆಗಾತಿ ನನ್ನ ಕಡೆ ತಿರುಗಿದಳು. ಇಷ್ಟು ದಿನಗಳಲ್ಲಿ ಅವಳು ಆ ಮನುಷ್ಯನ ದನಿ ಕೇಳಿದ್ದು ಅದೇ ಮೊದಲು. ಆ ದನಿಯಲ್ಲಿ ಆ ಮಾತು ನಾನು ಕೇಳಿದ್ದೂ ಅದೇ ಮೊದಲು.